ಅಂಬಾಸಿಡರ್ ಹೀಟರ್ ಮತ್ತು ಒದ್ದೆ ನೆಲ: ನಾನು ಸರಿಮಾಡಿಕೊಂಡ ಬಗೆ

ಮೈಸೂರಲ್ಲಿ ಕಾರಿಗೆ ಹೀಟರ್ ಯಾಕೆ ಅಂತ ಕೇಳುವವರೇ ಜಾಸ್ತಿ. ಊರೊಳಗೆ ಓಡಾಡಿಕೊಂಡಿದ್ದರೆ ಬೇಡವೇ ಬೇಡ. ಆದರೆ ಆಷಾಢದಲ್ಲಿ ಹುಣಸೂರು, ಕುಶಾಲನಗರ ದಾಟಿ ಮಡಿಕೇರಿ ಕಡೆ ಹೋಗಿ ನೋಡಿ. ಸುಂಟಿಕೊಪ್ಪ ಬರುವಷ್ಟರಲ್ಲಿ ಮುಂದಿನ ಗಾಜು ಒಳಗಡೆಯಿಂದ ಮಬ್ಬಾಗಿ, ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಏಸಿ ಕಾರಿನವರಿಗೆ ಈ ಕಷ್ಟ ಗೊತ್ತಿಲ್ಲ.

ನನ್ನದು 1978ರ ಅಂಬಾಸಿಡರ್ ಮಾರ್ಕ್ ತ್ರೀ, 1489 ಸಿಸಿ ಪೆಟ್ರೋಲ್ ಎಂಜಿನ್. ಹೀಟರ್ ಹಿಂದಿನ ಮಾಲೀಕರು ಹಾಕಿಸಿದ್ದು. ಸ್ವಿಚ್ ಒತ್ತಿದರೆ ಸದ್ದು ಜೋರು, ಗಾಳಿ ಮಾತ್ರ ಉಗುರುಬೆಚ್ಚಗೆ. ಜೊತೆಗೆ ಮ್ಯಾಟ್ ಕೆಳಗೆ ಸದಾ ಒದ್ದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ.

ಇವೆರಡು ಬೇರೆ ಬೇರೆ ಕೆಲಸ ಅನ್ನಿಸುತ್ತೆ, ಅಲ್ವಾ? ನನ್ನ ಪ್ರಕಾರ ಒಂದೇ. ನೆಲ ಒದ್ದೆ ಇರುವಾಗ ಹೀಟರ್ ಹಾಕಿದರೆ ಆ ನೀರೇ ಆವಿಯಾಗಿ ಮೇಲೆದ್ದು ತಣ್ಣಗಿರುವ ಗಾಜಿಗೆ ಕೂರುತ್ತದೆ. ಹೀಟರ್ ಚೆನ್ನಾಗಿದ್ದಷ್ಟೂ ಮಬ್ಬು ಜಾಸ್ತಿ. ಹಾಗಾಗಿ ಮೊದಲು ನೀರಿನ ಕೆಲಸ, ಆಮೇಲೆ ಶಾಖದ್ದು.

ಸೀಟು ಬಿಚ್ಚಿ, ರಬ್ಬರ್ ಮ್ಯಾಟ್ ಎತ್ತಿ, ಅದರಡಿಯ ಫೆಲ್ಟ್ (ದಪ್ಪ ಬಟ್ಟೆಯಂಥ ಹಾಸು) ತೆಗೆದೆ. ಮೇಲೆ ಕೈ ಆಡಿಸಿದರೆ ಒಣಗಿದ ಹಾಗಿತ್ತು. ಮಡಚಿ ಹಿಂಡಿದಾಗ ಕಂದು ನೀರು ಮೊಣಕೈವರೆಗೂ ಇಳಿಯಿತು. ಫೆಲ್ಟ್ ಇಂಥ ಕಳ್ಳ. ಕಾರಿನೊಳಗೇ ಬಿಟ್ಟು ಫ್ಯಾನ್ ಹಾಕಿದರೆ ಒಣಗುವುದಿಲ್ಲ, ಹೊರಗೇ ತೆಗೆಯಬೇಕು. ನಾನು ಹಳೆಯದನ್ನು ಎಸೆದು ಹೊಸದು ಕತ್ತರಿಸಿ ಹಾಕಿದೆ. ಅದಕ್ಕೂ ಮೊದಲು ತಗಡಿನ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು ರೆಡ್ ಆಕ್ಸೈಡ್ ಬಳಿದು, ಮೇಲೊಂದು ಬಣ್ಣ ಹೊಡೆದೆ. ರೆಡ್ ಆಕ್ಸೈಡ್ ಒಂದನ್ನೇ ಬಿಟ್ಟರೆ ಅದು ತೇವ ತಡೆಯಲ್ಲ.

ನೀರು ಬರುವ ದಾರಿ ಹುಡುಕುವುದಕ್ಕೆ ದುಬಾರಿ ಸಾಮಾನು ಏನೂ ಬೇಡ. ಹೊಸ ಫೆಲ್ಟ್ ಹಾಸುವ ಮೊದಲೇ ಬರೀ ನೆಲದ ಮೇಲೆ ಹಳೆ ನ್ಯೂಸ್ ಪೇಪರ್ ಹಾಸಿ, ಟಾರ್ಚ್ ಹಿಡಿದು ಒಳಗೆ ಕೂತೆ. ಹೊರಗಡೆ ಮಗ ಪೈಪ್ ಹಿಡಿದ. ನೀರನ್ನು ಕೆಳಗಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ತರಬೇಕು. ಮೊದಲೇ ಮೇಲಿಂದ ಸುರಿದರೆ ಎಲ್ಲ ಕಡೆಯಿಂದಲೂ ಬಂದ ಹಾಗೆ ಕಾಣುತ್ತೆ, ಏನೂ ತಿಳಿಯಲ್ಲ. ಬಾಗಿಲ ತಳದ ತೂತುಗಳು ಮಣ್ಣು ಕಟ್ಟಿದ್ದವು. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ನೀರು ಹೊರಗೆ ಹೋಗಲಾರದೆ ಒಳಗೆ ಬರುತ್ತಿತ್ತು. ಒಂದು ತಂತಿ ಹಾಕಿ ತಿವಿದರೆ ಸಾಕಾಯಿತು. ನೆಲದ ಒಂದು ರಬ್ಬರ್ ಮುಚ್ಚಳ ಕಾಣೆಯಾಗಿತ್ತು, ಹಾಕಿದೆ. ಪೈಪ್ ಮುಂದಿನ ಗಾಜಿನ ಕೆಳಮೂಲೆಗೆ ಬಂದ ಕೂಡಲೇ ಡ್ಯಾಶ್‌ಬೋರ್ಡ್ ಹಿಂದಿನಿಂದ ಹನಿ ಬಿದ್ದು ಪೇಪರ್ ಮೇಲೆ ದುಂಡಗೆ ಕಪ್ಪು ಕಲೆ ಹರಡಿತು. ಗಾಜಿನ ರಬ್ಬರ್ ಕಲ್ಲಾಗಿತ್ತು. ಹೊಸದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ.

ಇಲ್ಲೊಂದು ಮಾತು. ಇಂಥ ಕಡೆ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಮೆತ್ತಿ ಕೈತೊಳೆದುಕೊಳ್ಳುವವರಿದ್ದಾರೆ. ವಿನಿಗರ್ ವಾಸನೆ ಬರುವ ಸಿಲಿಕೋನ್ ತಗಡಿಗೆ ತುಕ್ಕು ಹಿಡಿಸುತ್ತದೆ, ಮುಂದೆ ಅಲ್ಲಿ ಪೇಂಟ್ ಕೂಡ ನಿಲ್ಲಲ್ಲ. ಗಟ್ಟಿಯಾಗದ, ಗಾಜಿನ ರಬ್ಬರಿಗೆಂದೇ ಬರುವ ಸೀಲೆಂಟ್ ಹಾಕಿ.

ಇಷ್ಟಾದರೂ ಮಳೆ ಇಲ್ಲದ ದಿನ ಎಡಗಡೆ ಕಾಲಿಡುವ ಜಾಗ ತೇವ ಆಗುತ್ತಿತ್ತು. ಹೀಟರ್ ಇರುವುದು ಅದರ ಮೇಲೆಯೇ. ಹೀಟರ್‌ಗೆ ಶಾಖ ಕೊಡುವುದು ಅದರೊಳಗೆ ಹರಿಯುವ ಎಂಜಿನ್ನಿನ ಬಿಸಿನೀರೇ, ಅದು ಸೋರುತ್ತಿದೆಯಾ ಅಂತ ಅನುಮಾನ ಬಂತು. ಆದರೆ ರೇಡಿಯೇಟರ್‌ನಲ್ಲಿ ಇದ್ದದ್ದು ನಲ್ಲಿ ನೀರು. ಮಳೆನೀರಿಗೂ ಅದಕ್ಕೂ ವ್ಯತ್ಯಾಸ ಹೇಗೆ ಕಂಡುಹಿಡಿಯೋದು? ಹಳೆ ನೀರು ಬಸಿದು ಹಸಿರು ಕೂಲಂಟ್ (ಎಂಜಿನ್ ತಣಿಸುವ ಬಣ್ಣದ ದ್ರವ) ತುಂಬಿದೆ. ಸ್ವಲ್ಪ ದೂರ ಓಡಿಸಿ ಬಂದು ಹೀಟರ್ ಪೆಟ್ಟಿಗೆಯ ತಳಕ್ಕೆ ಬಿಳಿ ಪಂಚೆಯ ಚೂರು ಒತ್ತಿದರೆ ಹಸಿರು ಅಂಟಿತು. ಅಲ್ಲಿಗೆ ತೀರ್ಮಾನ ಆಯ್ತು. ನಲ್ಲಿ ನೀರು ಹಾಕಿಕೊಂಡೇ ಓಡಿಸುವವರು ಇದನ್ನು ವರ್ಷಗಟ್ಟಲೆ ಮಳೆಯ ತಲೆಗೆ ಕಟ್ಟಿರುತ್ತಾರೆ. ಬಸಿದ ಕೂಲಂಟ್ ಮಾತ್ರ ಅಂಗಳದಲ್ಲಿ ಬಿಡಬೇಡಿ, ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಹೀಟರ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ತಾಮ್ರ ಹಿತ್ತಾಳೆಯ ಪುಟ್ಟ ರೇಡಿಯೇಟರ್. ಸೋರುತ್ತಿದ್ದ ಮೂಲೆಗೆ ಬೆಸುಗೆ ಹಾಕಿಸಬೇಕಿತ್ತು. ಮಂಡಿ ಮೊಹಲ್ಲಾ ಕಡೆ ರೇಡಿಯೇಟರ್ ಕೆಲಸ ಮಾಡುವ ಹಿರಿಯರೊಬ್ಬರು ಅದನ್ನು ಕೈಯಲ್ಲಿ ತೂಗಿ ನೋಡಿ, “ಇದರೊಳಗೆ ಕೆಸರು ತುಂಬಿದೆ ಸ್ವಾಮಿ, ಮೊದಲು ತೊಳೆದುಕೊಂಡು ಬನ್ನಿ” ಅಂದರು. ನೀರು ಹೊರಬರುವ ಬಾಯಿಗೆ ಪೈಪ್ ಹಿಡಿದು ಉಲ್ಟಾ ಬಿಟ್ಟೆ. ಕೆಂಪು ರಾಡಿ ಬಂತು. ಆಮೇಲೆ ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಕಲಸಿ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಲ್ಟಾ ತೊಳೆದೆ. ಕೊನೆಗೆ ಅಡಿಗೆ ಸೋಡಾ ನೀರು. ರಾತ್ರಿಯಿಡೀ ನೆನೆಸಬೇಡಿ, ಹಳೆ ಬೆಸುಗೆ ತಡೆಯಲ್ಲ. ಬೆಸುಗೆ ಆದಮೇಲೆ ಅವರೇ ನೀರಲ್ಲಿ ಮುಳುಗಿಸಿ ಗಾಳಿ ಕೊಟ್ಟು ಗುಳ್ಳೆ ಬರುತ್ತಾ ಅಂತ ನೋಡಿ ಕೊಟ್ಟರು.

ಸೋರಿಕೆ ನಿಂತಿತು, ಶಾಖ ಇನ್ನೂ ಬರಲಿಲ್ಲ. ಇಂಥ ಹೊತ್ತಲ್ಲಿ ಹೀಟರ್‌ನ ಎರಡು ಪೈಪ್ ಮುಟ್ಟಿ ನೋಡುವುದು ಎಲ್ಲಕ್ಕಿಂತ ಸುಲಭ. ಒಳಹೋಗುವುದು ಬಿಸಿ, ಹೊರಬರುವುದು ತಣ್ಣಗಿದ್ದರೆ ಒಳಗೆ ಕಟ್ಟಿದೆ ಅಥವಾ ಗಾಳಿ ಸೇರಿದೆ. ಎರಡೂ ಬಿಸಿ ಇದ್ದರೆ ಫ್ಯಾನ್ ಅಥವಾ ಗಾಳಿ ಕೊಳವೆಯ ತೊಂದರೆ. ನನ್ನದರಲ್ಲಿ ಎರಡೂ ಉಗುರುಬೆಚ್ಚಗಿದ್ದವು. ಅಂದರೆ ಎಂಜಿನ್ನೇ ಕಾಯುತ್ತಿಲ್ಲ. ಶ್ರೀರಂಗಪಟ್ಟಣದ ಕಡೆ ಹೈವೇಯಲ್ಲಿ ಬಿಟ್ಟರೆ ಟೆಂಪರೇಚರ್ ಮುಳ್ಳು ಕೆಳಗಿಳಿಯುತ್ತಿದ್ದುದೂ ಅದಕ್ಕೇ.

ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು ಥರ್ಮೋಸ್ಟಾಟ್. ಅದು ಕೂರುವ ಮನೆಗೆ ಮೂರು ನಟ್ಟು. ಸ್ಟಡ್‌ಗಳು ಅಲ್ಯೂಮಿನಿಯಂ ಮುಚ್ಚಳಕ್ಕೆ ಹಿಡಿದುಕೊಂಡಿರುತ್ತವೆ, ಜೋರು ಮಾಡಿದರೆ ಮುರಿಯುತ್ತವೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟುತ್ತಾ ಎಬ್ಬಿಸಿದೆ. ತೆಗೆದು ನೋಡಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಎಂಜಿನ್ ಹೀಟ್ ಆಗುತ್ತೆ ಅಂದ ಕೂಡಲೇ ಅದನ್ನು ಕಿತ್ತು ಬಿಸಾಕುವುದು ನಮ್ಮ ಕಡೆಯ ಹಳೇ ವೈದ್ಯ. ಅದಿಲ್ಲದ ಎಂಜಿನ್ ತಡವಾಗಿ ಕಾಯುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಈ ಎಂಜಿನ್ನಿಗೆ ಬಿಸಿ ಊರಿಗೆ 74, ಸಾಮಾನ್ಯಕ್ಕೆ 82 ಡಿಗ್ರಿಯದು ಬರುತ್ತದೆ. ನಾನು 82ರದ್ದು ತಂದೆ. ಹಾಕುವ ಮೊದಲು ಪಾತ್ರೆಯ ನೀರಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು, ಕಾಯಿಸಿ, ಬಾಯಿ ತೆಗೆಯುವುದನ್ನು ನೋಡಿಕೊಂಡೆ. ಸ್ಪ್ರಿಂಗ್ ಇರುವ ಕಡೆ ಎಂಜಿನ್ ಒಳಕ್ಕೆ.

ತುಂಬುವಾಗ ಕಾರಿನ ಮೂತಿ ಏರಿನ ಕಡೆ ಇರಲಿ, ಹೀಟರ್ ವಾಲ್ವ್ ಪೂರ್ತಿ ತೆರೆದಿರಲಿ. ಇಲ್ಲದಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತೆ. ಕೂಲಂಟಿಗೆ ಬೆರೆಸಲು ಬೋರ್‌ವೆಲ್ ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಹಾಕಿ.

ಫ್ಯಾನಿನದು ಸಣ್ಣ ಕೆಲಸ. ಅರ್ಥ್ ವೈರ್ ಕೂರುವ ಜಾಗ ತುಕ್ಕು ಹಿಡಿದಿತ್ತು, ಎಮರಿ ಪೇಪರ್‌ನಲ್ಲಿ ಉಜ್ಜಿದ ಮೇಲೆ ವೇಗ ಬಂತು. ಗಾಜಿಗೆ ಹೋಗುವ ಕೊಳವೆ ಹರಿದು ಬಿಸಿಗಾಳಿಯೆಲ್ಲ ಡ್ಯಾಶ್‌ಬೋರ್ಡ್ ಹಿಂದೆಯೇ ಸೋರುತ್ತಿತ್ತು. ಹಳೆ ವ್ಯಾಕ್ಯೂಮ್ ಕ್ಲೀನರ್ ಪೈಪ್ ಕತ್ತರಿಸಿ ಹಾಕಿದೆ, ಸುಮ್ನೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಈಗ ಮಡಿಕೇರಿ ದಾರಿಯಲ್ಲಿ ಹೀಟರ್ ಹಾಕಿ ಕ್ವಾರ್ಟರ್ ಗ್ಲಾಸ್ (ಮುಂದಿನ ಬಾಗಿಲಿನ ಪುಟ್ಟ ತ್ರಿಕೋನ ಗಾಜು) ಬೆರಳಷ್ಟು ತೆರೆದಿಟ್ಟರೆ ಗಾಜು ತಿಳಿಯಾಗಿರುತ್ತೆ. ಗ್ಲಾಸ್ ಪೂರ್ತಿ ಮುಚ್ಚಿ ನಾಲ್ಕು ಜನ ಕೂತರೆ ಮತ್ತೆ ಮಬ್ಬು, ಅದು ನಮ್ಮ ಉಸಿರಿನ ತೇವ. ಮನೆಯಲ್ಲಿ ನಿಲ್ಲಿಸುವಾಗ ಪ್ಲಾಸ್ಟಿಕ್ ಕವರ್ ಬಿಟ್ಟು ಗಾಳಿಯಾಡುವ ಬಟ್ಟೆ ಕವರ್ ಹಾಕುತ್ತಿದ್ದೇನೆ. ಡಿಕ್ಕಿಯ ರಬ್ಬರ್ ಇನ್ನೂ ಬಾಕಿ ಇದೆ, ಸರಿಯಾದ ಅಳತೆಯದು ಸಿಕ್ಕಿಲ್ಲ. ಜೋರು ಮಳೆ ಬಂದಾಗ ಸ್ಟೆಪ್ನಿ ಕೆಳಗೆ ಒಂದು ಲೋಟ ನೀರು ನಿಲ್ಲುತ್ತೆ.