ಶಾಲೆಯಿಂದ ಕರೆ ಬಂದಾಗ: ಹಳ್ಳಿ ಠಾಣೆಯ ಸಿಬ್ಬಂದಿಯನ್ನು ಸಜ್ಜುಗೊಳಿಸುವುದು ಹೇಗೆ?

ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗ, ಅಥಣಿ ಅಥವಾ ಖಾನಾಪುರದ ಒಳಭಾಗದ ಒಂದು ಶಾಲೆಯಲ್ಲಿ ಹಲ್ಲೆ ನಡೆದರೆ ಅಲ್ಲಿಗೆ ಮೊದಲು ಮುಟ್ಟುವವರು ಹತ್ತಿರದ ಠಾಣೆಯ ಇಬ್ಬರೋ ಮೂವರೋ ಕಾನ್‌ಸ್ಟೆಬಲ್‌ಗಳು. ಅಥಣಿಯಿಂದ ಬೆಳಗಾವಿಗೆ ನೂರು ಕಿಲೊಮೀಟರ್‌ಗೂ ಹೆಚ್ಚು ದೂರ. ಹಿರಿಯ ಅಧಿಕಾರಿಗಳು ಜಿಲ್ಲಾ ಕೇಂದ್ರದಿಂದ ಬರುವಷ್ಟರಲ್ಲಿ ಆಗಬೇಕಾದದ್ದು, ಆಗಬಾರದ್ದು ಎರಡೂ ಆಗಿ ಹೋಗಿರುತ್ತವೆ. ಆ ಮೂವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದರ ಮೇಲೆ ಮಕ್ಕಳ ಜೀವ ನಿಂತಿರುತ್ತದೆ.

ಇದು ದೂರದ ದೇಶದ ಚಿಂತೆ ಎಂದು ಕೈಬಿಡುವ ಕಾಲ ಮುಗಿದಿದೆ. 2022ರ ಡಿಸೆಂಬರ್‌ನಲ್ಲಿ ಪಕ್ಕದ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಹದ್ಲಿಯಲ್ಲಿ, ಶಾಲೆಯೊಳಗೇ ಅತಿಥಿ ಶಿಕ್ಷಕನೊಬ್ಬ ನಡೆಸಿದ ಹಲ್ಲೆಗೆ ನಾಲ್ಕನೇ ತರಗತಿಯ ಬಾಲಕ ಬಲಿಯಾದ. 2025ರ ಜುಲೈನಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯಲ್ಲಿ ಸರ್ಕಾರಿ ಶಾಲೆಯ ನೀರಿನ ತೊಟ್ಟಿಗೆ ವಿಷ ಬೆರೆಸಲಾಯಿತು. ಹತ್ತಕ್ಕೂ ಹೆಚ್ಚು ಮಕ್ಕಳು ಅಸ್ವಸ್ಥರಾದರು. ಮುಸ್ಲಿಂ ಸಮುದಾಯದ ಮುಖ್ಯ ಶಿಕ್ಷಕರನ್ನು ವರ್ಗ ಮಾಡಿಸುವುದೇ ಕೃತ್ಯದ ಉದ್ದೇಶವಾಗಿತ್ತು ಎಂದು ಪೊಲೀಸರು ತಿಳಿಸಿದರು. ನಮ್ಮ ಕಡೆಯ ಶಾಲಾ ಹಿಂಸೆಯಲ್ಲಿ ಬಂದೂಕು ಅಪರೂಪ. ಇಲ್ಲಿ ಕಾಣುವುದು ಸಲಿಕೆ, ಕುಡುಗೋಲು, ಕಲ್ಲು, ಕೀಟನಾಶಕದ ಬಾಟಲಿ, ಕೆಲವೊಮ್ಮೆ ಕಲಿಸುವವರದೇ ಕೈ. ತರಬೇತಿಯೂ ಇದಕ್ಕೆ ತಕ್ಕಂತೆ ಇರಬೇಕು.

ಖಾನಾಪುರದ ಪೊಲೀಸ್ ತರಬೇತಿ ಶಾಲೆಯಂಥ ಕಡೆ ಕಲಿತದ್ದು ಬುನಾದಿ. ಅದರ ಮೇಲೆ ಕಟ್ಟುವ ಕೆಲಸ ಆಯಾ ಠಾಣೆಯದು. ಪಿಎಸ್‌ಐ ಒಬ್ಬರು ತಮ್ಮ ಸಿಬ್ಬಂದಿಯನ್ನೇ ಇಟ್ಟುಕೊಂಡು, ಬೇರೆ ಅನುದಾನಕ್ಕೆ ಕಾಯದೆ ಮಾಡಬಹುದಾದ ಕ್ರಮ ಹೀಗಿದೆ.

ಹೆಜ್ಜೆ 1: ಶಾಲೆಗೊಂದು ಪುಟ

ಪ್ರತಿ ಬೀಟ್ ಸಿಬ್ಬಂದಿಯೂ ತಮ್ಮ ವ್ಯಾಪ್ತಿಯ ಪ್ರತಿ ಶಾಲೆಯನ್ನು ನಡೆದು ನೋಡಿ ಒಂದು ಪುಟದ ನಕ್ಷೆ ಬರೆಯಲಿ. ಗೇಟು ಯಾವ ಕಡೆ ಇದೆ, ಹಿಂಭಾಗದ ಕಾಂಪೌಂಡ್ ಎಲ್ಲಿ ಬಿದ್ದಿದೆ, ಬಿಸಿಯೂಟದ ಅಡುಗೆ ಕೋಣೆ ಮತ್ತು ಸಿಲಿಂಡರ್ ಎಲ್ಲಿವೆ, ನೀರಿನ ತೊಟ್ಟಿಯ ಮುಚ್ಚಳಕ್ಕೆ ಬೀಗವಿದೆಯೇ, ಆಂಬುಲೆನ್ಸ್ ತಿರುಗಿಸಲು ಜಾಗವಿದೆಯೇ ಎಂಬುದೆಲ್ಲ ಅದರಲ್ಲಿ ಇರಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಹೊತ್ತ ಟ್ರ್ಯಾಕ್ಟರ್‌ಗಳು ಯಾವ ರಸ್ತೆಯನ್ನು ಕಟ್ಟಿಹಾಕುತ್ತವೆ ಎಂಬುದೂ ಇರಲಿ. ಮುಖ್ಯ ಶಿಕ್ಷಕರ ಸಂಖ್ಯೆಯೊಂದೇ ಸಾಲದು. ಇನ್ನೊಬ್ಬ ಶಿಕ್ಷಕರು, ಅಡುಗೆ ಸಿಬ್ಬಂದಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಶಾಲೆಯ ಪಕ್ಕದಲ್ಲಿ ವಾಹನ ಇರುವ ಒಬ್ಬರು, ಇಷ್ಟು ಸಂಖ್ಯೆಗಳು ಬೇಕು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ನಿಂತು ಹಿಡಿದರೆ ಸಿಗುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕಾಗುತ್ತದೆ.

ಈ ಭೇಟಿಗೆ ಮಹಿಳಾ ಕಾನ್‌ಸ್ಟೆಬಲ್ ಜೊತೆಗೆ ಹೋಗಲಿ, ತರಗತಿಗಳಲ್ಲಿ ಒಂದು ಗಳಿಗೆ ಕೂರಲಿ. ಮಕ್ಕಳಿಗೆ ಮುಖ ಪರಿಚಯ ಇರುವ ಪೊಲೀಸರಿಗೂ ಇಲ್ಲದವರಿಗೂ ಎಷ್ಟು ವ್ಯತ್ಯಾಸ ಎಂಬುದು ಕಷ್ಟದ ದಿನ ಗೊತ್ತಾಗುತ್ತದೆ. ಶಾಲಾ ಮಕ್ಕಳನ್ನು ಠಾಣೆಗೆ ಕರೆತರುವ ‘ತೆರೆದ ಮನೆ’ ಕಾರ್ಯಕ್ರಮ ಈಗಾಗಲೇ ಇದೆ. ಅದನ್ನು ಫೋಟೊ ತೆಗೆಸಿಕೊಂಡು ಮುಗಿಸದೆ, ತುರ್ತು ಸಂಖ್ಯೆ 112 ಮತ್ತು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಹೇಗೆ ಎಂದು ಮಕ್ಕಳಿಂದಲೇ ಹೇಳಿಸಿ ನೋಡಬೇಕು.

ಹೆಜ್ಜೆ 2: ಫೋನ್ ಎತ್ತುವವರ ತರಬೇತಿ

ತರಬೇತಿ ಎಂದರೆ ಲಾಠಿ, ಕವಾಯತು ನೆನಪಾಗುತ್ತವೆ. ಆದರೆ ಅರ್ಧ ಕೆಲಸ ಕೆಡುವುದು ಅಥವಾ ಸರಿಹೋಗುವುದು ಫೋನಿನಲ್ಲಿ. ಹಳ್ಳಿಯಲ್ಲಿ ಬಹಳ ಜನ 112ಕ್ಕೆ ಕರೆ ಮಾಡದೆ ಪರಿಚಯದ ಕಾನ್‌ಸ್ಟೆಬಲ್‌ಗೇ ಮಾಡುತ್ತಾರೆ. ಆದ್ದರಿಂದ ಠಾಣೆಯ ಪ್ರತಿಯೊಬ್ಬರಿಗೂ ಈ ಅಭ್ಯಾಸ ಬೇಕು.

ಕೇಳಬೇಕಾದದ್ದು ಐದೇ ಪ್ರಶ್ನೆ: ಯಾವ ಶಾಲೆ, ಯಾವ ಕೋಣೆ? ಇನ್ನೂ ನಡೆಯುತ್ತಿದೆಯೇ, ನಿಂತಿದೆಯೇ? ಹಲ್ಲೆಗಾರನ ಕೈಯಲ್ಲಿ ಏನಿದೆ? ಎಷ್ಟು ಮಂದಿಗೆ ಪೆಟ್ಟಾಗಿದೆ? ಉಳಿದ ಮಕ್ಕಳು ಈಗ ಎಲ್ಲಿದ್ದಾರೆ? ಉತ್ತರ ಬರುತ್ತಿರುವಾಗಲೇ ಪಕ್ಕದವರು 108ಕ್ಕೆ ಕರೆ ಮಾಡಬೇಕು, ಮೂರನೆಯವರು ವಾಹನ ಹೊರಡಿಸಬೇಕು. ಕರೆ ಮಾಡಿದವರಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತುಗಳೂ ಇವೆ: ‘ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿ, ಮಕ್ಕಳನ್ನು ಬಾಗಿಲು, ಕಿಟಕಿಗಳಿಂದ ದೂರ ಕೂರಿಸಿ, ಫೋನ್ ಇಡಬೇಡಿ.’ ಹಲ್ಲೆಗಾರ ಅವರದೇ ಕೋಣೆಯಲ್ಲಿದ್ದರೆ ಮಾತು ಬೇರೆ. ಮಕ್ಕಳು ಹೊರಗೆ ಓಡಬೇಕು, ಯಾವ ಕಡೆ ಎಂದು ನಕ್ಷೆ ನೋಡಿ ಹೇಳಬೇಕು. ವಿಷದ ಶಂಕೆ ಇದ್ದರೆ ಮೊದಲ ಮಾತು, ‘ಯಾರೂ ಆ ನೀರು ಮುಟ್ಟಬೇಡಿ, ಅಡುಗೆ ನಿಲ್ಲಿಸಿ.’

ಅಭ್ಯಾಸ ಸರಳ. ಸಿಬ್ಬಂದಿಯಲ್ಲಿ ಒಬ್ಬರು ಪಕ್ಕದ ಕೋಣೆಯಿಂದ ಗಾಬರಿಗೊಂಡ ಶಿಕ್ಷಕಿಯಾಗಿ ಕರೆ ಮಾಡಲಿ. ಅಳಲಿ, ತಡವರಿಸಲಿ, ಪ್ರಶ್ನೆಗೆ ಸಂಬಂಧವಿಲ್ಲದ್ದು ಹೇಳಲಿ. ಇನ್ನೊಬ್ಬರು ಐದು ಉತ್ತರಗಳನ್ನು ಚೀಟಿಯಲ್ಲಿ ಬರೆಯಬೇಕು. ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ ಮಾಧ್ಯಮದ ಶಾಲೆಗಳು ಬಹಳ ಇವೆ. ಅಲ್ಲಿಂದ ಬರುವ ಕರೆ ಮರಾಠಿಯಲ್ಲೇ ಬರುತ್ತದೆ. ಗಾಬರಿಯ ಮರಾಠಿಯನ್ನು ಅರ್ಥ ಮಾಡಿಕೊಳ್ಳುವವರು ಪ್ರತಿ ಪಾಳಿಯಲ್ಲೂ ಒಬ್ಬರಿರುವಂತೆ ಡ್ಯೂಟಿ ಹಾಕುವುದು ಠಾಣಾಧಿಕಾರಿಯ ಹೊಣೆ.

ಹೆಜ್ಜೆ 3: ಹೊಣೆ ಯಾರದು ಎಂದು ಕೂಗಿ ಹೇಳುವುದು

ಅಮೆರಿಕದ ಟೆಕ್ಸಾಸ್ ರಾಜ್ಯದ ಉವಾಲ್ಡೆ ಒಂದು ಸಣ್ಣ ಊರು. 2022ರ ಮೇ 24ರಂದು ಅಲ್ಲಿನ ಪ್ರಾಥಮಿಕ ಶಾಲೆಗೆ ಬಂದೂಕುಧಾರಿ ನುಗ್ಗಿದ. ಬಂದು ಸೇರಿದ ಅಧಿಕಾರಿಗಳ ಸಂಖ್ಯೆ 376. ಆದರೂ ಅವನನ್ನು ಎದುರಿಸಲು ಹಿಡಿದದ್ದು 77 ನಿಮಿಷ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಇಂಥ ದಾಳಿಯನ್ನು ಎದುರಿಸುವ ತರಬೇತಿ ಅದೇ ಊರಿನಲ್ಲಿ ಎರಡೇ ತಿಂಗಳ ಹಿಂದೆ ನಡೆದಿತ್ತು. ಕೊರತೆ ಇದ್ದದ್ದು ಮುನ್ನಡೆಸುವವರದು. ಆಜ್ಞೆ ತನ್ನದು ಎಂದು ಯಾರೂ ಮುಂದೆ ಬರಲಿಲ್ಲ, ಪ್ರತಿಯೊಬ್ಬರೂ ಮತ್ತೊಬ್ಬರಿಗಾಗಿ ಕಾದರು.

ನಮ್ಮ ಠಾಣೆಯ ನಿಯಮ ಇಷ್ಟಿರಲಿ: ಮೊದಲು ಮುಟ್ಟಿದವರಲ್ಲಿ ಹಿರಿಯರು ಯಾರೋ ಅವರೇ ಹೊಣೆಗಾರರು, ಅವರು ಹೆಡ್ ಕಾನ್‌ಸ್ಟೆಬಲ್ ಆದರೂ ಸರಿ. ‘ಇಲ್ಲಿ ನಾನು ನೋಡಿಕೊಳ್ಳುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಬೇಕು, ವೈರ್‌ಲೆಸ್‌ನಲ್ಲೂ ಹೇಳಬೇಕು. ಹಲ್ಲೆ ಇನ್ನೂ ನಡೆಯುತ್ತಿದ್ದರೆ ಹೆಚ್ಚಿನ ಬಲಕ್ಕಾಗಿ ಕಾಯದೆ ಒಳಗೆ ಹೋಗಬೇಕು, ಇಬ್ಬರು ಜೊತೆಯಾಗಿ. ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರ ಕಣ್ಣು ಹಲ್ಲೆಗಾರನ ಕೈಗಳ ಮೇಲಿರುತ್ತದೆ. ಬೆಂಚು, ಡೆಸ್ಕು ಅಡ್ಡವಿಟ್ಟುಕೊಂಡು ಅವನಿಗೂ ಮಕ್ಕಳಿಗೂ ನಡುವೆ ನಿಲ್ಲುವುದು ಮೊದಲ ಗುರಿ. ಇದನ್ನು ಲಾಠಿ, ಶೀಲ್ಡ್ ಹಿಡಿದು ನಿಜವಾದ ತರಗತಿಯ ಇಕ್ಕಟ್ಟಿನಲ್ಲೇ ಕಲಿಯಬೇಕು; ಪೆರೇಡ್ ಮೈದಾನದ ಅಗಲದಲ್ಲಿ ಇದು ಬರುವುದಿಲ್ಲ.

ಹೆಜ್ಜೆ 4: ಆಂಬುಲೆನ್ಸ್ ಬರುವವರೆಗೆ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಠಾಣೆಗೆ ಒಂದು ಮಧ್ಯಾಹ್ನ ಕರೆಸಿದರೆ ಸಾಕು. ರಕ್ತ ಹರಿಯುವ ಗಾಯವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯುವುದು, ಬಟ್ಟೆ ನೆನೆದರೆ ತೆಗೆಯದೆ ಮೇಲೆ ಇನ್ನೊಂದಿಡುವುದು, ಚುಚ್ಚಿಕೊಂಡ ವಸ್ತುವನ್ನು ಕೀಳದಿರುವುದು, ಎತ್ತರದಿಂದ ಬಿದ್ದ ಮಗುವಿನ ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳುವುದನ್ನು ಕೈಯಾರೆ ಮಾಡಿಸಬೇಕು. ಕೀಟನಾಶಕ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಊರಲ್ಲಿ ಇನ್ನೂ ಇದೆ. ಅದು ಅಪಾಯ, ತಡೆಯಬೇಕು. ವಿಷದ ಬಾಟಲಿಯ ಲೇಬಲ್‌ನ ಫೋಟೊ ವೈದ್ಯರಿಗೆ ಮೊದಲೇ ಹೋದರೆ ಚಿಕಿತ್ಸೆಯ ದಾರಿ ಬೇಗ ಸಿಗುತ್ತದೆ.

ಹೆಜ್ಜೆ 5: ಗೇಟಿನ ಬಳಿ

ಸುದ್ದಿ ಹತ್ತು ನಿಮಿಷದಲ್ಲಿ ಊರು ತುಂಬುತ್ತದೆ, ಹೊಲದಲ್ಲಿದ್ದ ತಾಯಂದಿರು ಓಡಿ ಬರುತ್ತಾರೆ. ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಬಂದೋಬಸ್ತ್ ಮಾಡಿದ ನಮ್ಮ ಸಿಬ್ಬಂದಿಗೆ ಜನಸಂದಣಿ ಹೊಸದಲ್ಲ, ಆದರೆ ಮಗುವನ್ನು ಹುಡುಕುವ ತಾಯಿಗೆ ಲಾಠಿ ತೋರಿಸುವುದು ಕ್ರೌರ್ಯ. ಒಂದು ಜಾಗ ನಿಗದಿ ಮಾಡಿ, ಶಾಲೆಯ ಎದುರಿನ ಗುಡಿಯ ಕಟ್ಟೆಯಾದರೂ ಆದೀತು. ಶಿಕ್ಷಕರೊಬ್ಬರು ಹಾಜರಿ ಪುಸ್ತಕ ಹಿಡಿದು ಒಂದೊಂದೇ ಹೆಸರು ಕರೆಯಲಿ. ಮಗುವನ್ನು ಯಾರ ಕೈಗೆ ಒಪ್ಪಿಸಿದರು ಎಂದು ಪೊಲೀಸರು ಬರೆದು ಸಹಿ ಪಡೆಯಲಿ. ಗಾಯಗೊಂಡ ಮಕ್ಕಳ ಪೋಷಕರಿಗೆ ಗುಂಪಿನಲ್ಲಿ ಸುದ್ದಿ ಹೇಳಬಾರದು, ಪಕ್ಕಕ್ಕೆ ಕರೆದು ಹೇಳಬೇಕು. ಹಲ್ಲೆ ಮಾಡಿದವನನ್ನು ಜನರ ಕೈಗೆ ಸಿಗದಂತೆ ಹಿಂದಿನ ದಾರಿಯಿಂದ ಕರೆದೊಯ್ಯುವುದೂ ಇದರ ಭಾಗವೇ.

ಹೆಜ್ಜೆ 6: ಮಗುವಿನ ಮಾತು

ನನ್ನ ಮಟ್ಟಿಗೆ ಇಡೀ ತರಬೇತಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಹೂಲಿಕಟ್ಟಿಯ ಪ್ರಕರಣದಲ್ಲಿ ತೊಟ್ಟಿಗೆ ವಿಷ ಹಾಕಿಸಲು ಅದೇ ಶಾಲೆಯ ಬಾಲಕನಿಗೆ ತಿಂಡಿ, ಹಣದ ಆಸೆ ತೋರಿಸಲಾಗಿತ್ತು ಎಂದು ಪೊಲೀಸರು ಹೇಳಿದರು. ಸ್ಥಳದಲ್ಲಿ ಸಿಕ್ಕ ಬಾಟಲಿ ಮತ್ತು ಬಾಲಕ ಹೇಳಿದ ಮಾತು ತನಿಖೆಯನ್ನು ಹಿಂದಿದ್ದ ದೊಡ್ಡವರ ಕಡೆಗೆ ತಿರುಗಿಸಿದವು. ಅಂಥ ಮಗುವನ್ನು ಗದರಿಸಿದರೆ ಸತ್ಯ ಅಲ್ಲಿಯೇ ಹೂತುಹೋಗುತ್ತದೆ.

ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಲೇಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಗೋಡೆಯ ಫಲಕದಲ್ಲಿ ಹೆಸರು ಇದ್ದರೆ ಸಾಲದು, ಆ ಅಧಿಕಾರಿಗೆ ಈ ಕೆಲಸ ಬರಬೇಕು. ಮಗುವಿನೊಂದಿಗೆ ಮಾತಾಡುವವರು ಒಬ್ಬರೇ ಇರಲಿ, ಸಮವಸ್ತ್ರ ಬೇಡ, ಮಗು ನಂಬುವ ದೊಡ್ಡವರೊಬ್ಬರು ಹತ್ತಿರ ಕೂರಲಿ. ‘ಅವನೇ ಹೊಡೆದನಲ್ಲವೇ?’ ಎಂದು ಕೇಳಿದರೆ ಮಗು ಹೂಂಗುಟ್ಟುತ್ತದೆ, ನ್ಯಾಯಾಲಯದಲ್ಲಿ ಆ ಹೂಂ ಉಳಿಯುವುದಿಲ್ಲ. ‘ಏನಾಯಿತು, ಹೇಳಪ್ಪ’, ‘ಆಮೇಲೆ?’ ಇಷ್ಟೇ ಸಾಕು. ಮೌನ ಬಂದರೆ ಕಾಯಬೇಕು. ಮಗುವಿನ ಪದಗಳನ್ನು ಹಾಗೆಯೇ ಬರೆಯಬೇಕು, ಠಾಣೆಯ ಭಾಷೆಗೆ ತಿದ್ದಬಾರದು.

ಕಾನೂನಿನ ಗೆರೆಗಳು ಬಾಯಿಪಾಠ ಆಗಿರಲಿ. 15 ವರ್ಷದೊಳಗಿನ ಮಕ್ಕಳನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತಿಲ್ಲ, ಹುಡುಗಿಯರನ್ನಂತೂ ಯಾವ ವಯಸ್ಸಿನಲ್ಲೂ ಕರೆಸುವಂತಿಲ್ಲ. ಅವರಿರುವ ಕಡೆಗೇ ಹೋಗಬೇಕು. ತಪ್ಪು ಮಾಡಿದವರು 18 ವರ್ಷದೊಳಗಿನವರಾದರೆ ಬೇಡಿ ಇಲ್ಲ, ಲಾಕಪ್ ಇಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧ, ಅಥವಾ ವಯಸ್ಕರೊಂದಿಗೆ ಸೇರಿ ಮಾಡಿದ್ದು ಬಿಟ್ಟರೆ ಮಕ್ಕಳ ಮೇಲೆ ಎಫ್‌ಐಆರ್ ಇಲ್ಲ. ಸ್ಟೇಷನ್ ಡೈರಿಯಲ್ಲಿ ನಮೂದಿಸಿ ಸಾಮಾಜಿಕ ಹಿನ್ನೆಲೆ ವರದಿ ಕಳುಹಿಸಬೇಕು. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಪ್ರಕಾರ ಹೇಳಿಕೆಯನ್ನು ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಪಡೆಯಬೇಕು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗುವಿನ ಹೆಸರು, ಫೋಟೊ ಹೊರಗೆ ಬಿಡುವುದು ಅಪರಾಧ. ಠಾಣೆಯ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬಿದ್ದ ಫೋಟೊ ಊರೆಲ್ಲ ಸುತ್ತುತ್ತದೆ. ಈ ಒಂದು ವಿಷಯದಲ್ಲಿ ಪಿಎಸ್‌ಐ ಕಠಿಣವಾಗಿರಲೇಬೇಕು.

ಹೆಜ್ಜೆ 7: ಖಾಲಿ ಶಾಲೆಯಲ್ಲಿ ಅಭ್ಯಾಸ

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಕಟ್ಟಡ ಖಾಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಪತ್ರ ಬರೆದು, ಶಿಕ್ಷಕರಿಗೆ, ಊರಿಗೆ ಮೊದಲೇ ತಿಳಿಸಿ ಅಭ್ಯಾಸ ಮಾಡಬೇಕು. ಮಕ್ಕಳನ್ನು ಇದರಲ್ಲಿ ಸೇರಿಸಬಾರದು, ಬಣ್ಣದ ರಕ್ತ, ಪಟಾಕಿ ಸದ್ದು ಬೇಡ. ಕರೆ ಬಂದ ಗಳಿಗೆಯಿಂದ ಗೇಟು ಮುಟ್ಟುವವರೆಗೆ, ಗೇಟಿನಿಂದ ಕೊನೆಯ ಕೋಣೆಯವರೆಗೆ ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ಬೀಗದ ಕೈ ಸಿಗಲಿಲ್ಲ, ವೈರ್‌ಲೆಸ್ ಒಳಗೆ ಕೇಳಿಸಲಿಲ್ಲ, ಆಂಬುಲೆನ್ಸ್ ಚರಂಡಿ ದಾಟಲಿಲ್ಲ ಎಂಬಂಥವು ಆಗ ಹೊರಬೀಳುತ್ತವೆ. ಅವುಗಳ ಪಟ್ಟಿಯನ್ನು ಎಸ್‌ಡಿಎಂಸಿ ಮತ್ತು ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಕೊಡಬೇಕು. ತೊಟ್ಟಿಗೆ ಬೀಗ ಹಾಕಿಸುವುದು, ಕಾಂಪೌಂಡ್ ದುರಸ್ತಿ ಅವರ ಕೆಲಸ.

ವರ್ಗಾವಣೆಯಲ್ಲಿ ತರಬೇತಿ ಪಡೆದವರು ಬೇರೆ ಠಾಣೆಗೆ ಹೋಗುತ್ತಾರೆ, ಶಿಕ್ಷಕರೂ ಬದಲಾಗುತ್ತಾರೆ. ಆದ್ದರಿಂದ ಪ್ರತಿ ವರ್ಷ ಶಾಲೆ ಆರಂಭವಾದ ಮೊದಲ ತಿಂಗಳಲ್ಲೇ ನಕ್ಷೆ, ಸಂಖ್ಯೆಗಳನ್ನು ತಿದ್ದಿ ಅಭ್ಯಾಸವನ್ನು ಮತ್ತೆ ಮಾಡಬೇಕು. ಪಿಎಸ್‌ಐ ಬದಲಾದರೆ ಪ್ರಭಾರ ಒಪ್ಪಿಸುವಾಗ ಈ ಕಡತವನ್ನೂ ಹೊಸಬರ ಕೈಗೆ ಕೊಟ್ಟು, ಬೀಟ್ ಸಿಬ್ಬಂದಿಯೊಂದಿಗೆ ಕನಿಷ್ಠ ಒಂದು ಶಾಲೆಗಾದರೂ ಜೊತೆಯಲ್ಲಿ ಹೋಗಿ ಬರಬೇಕು.