ಅರಿವಳಿಕೆಗೆ ಮುನ್ನ ಉಸಿರುದಾರಿ ಪರೀಕ್ಷೆ: ಏನು ಕೇಳಬೇಕು, ಎಲ್ಲಿ ಅಳೆಯಬೇಕು

ಕೇಸ್ ಪೇಪರಿನ ಮೂಲೆಯಲ್ಲಿ ‘ಎಂಪಿ 2’ (ಬಾಯಿ ತೆರೆಸಿ ಗಂಟಲು ಎಷ್ಟು ಕಾಣುತ್ತದೆಂದು ನೋಡುವ ಮಲ್ಲಂಪತಿ ಪರೀಕ್ಷೆಯ ಎರಡನೇ ವರ್ಗ) ಎಂದು ಗೀಚಿದರೆ ಉಸಿರುದಾರಿ ಪರೀಕ್ಷೆ ಮುಗಿಯಿತು ಎನ್ನುವ ರೂಢಿ ಬಹಳ ಕಡೆ ಇದೆ. ಆ ಒಂದು ಅಂಕಿಯಿಂದ ತಿಳಿಯುವುದು ಅಲ್ಪ. ರೋಗಿ ನಿದ್ದೆಗೆ ಜಾರಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ನಾಲ್ಕು ಕೆಲಸ: ಮಾಸ್ಕ್ ಹಿಡಿದು ಉಸಿರು ಕೊಡುವುದು, ಎಲ್‌ಎಂಎ (ಗಂಟಲಲ್ಲಿ, ಧ್ವನಿಪೆಟ್ಟಿಗೆಯ ಮೇಲೆ ಕೂರುವ ಪುಟ್ಟ ಮಾಸ್ಕ್) ಕೂರಿಸುವುದು, ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು, ಮೂರೂ ಕೈಕೊಟ್ಟರೆ ಕುತ್ತಿಗೆಯ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡುವುದು. ಈ ನಾಲ್ಕಕ್ಕೂ ಬೇರೆಬೇರೆಯಾಗಿ ‘ಸುಲಭ’ ಅಥವಾ ‘ಕಷ್ಟ, ಏಕೆಂದರೆ’ ಎಂದು ಬರೆಯಲು ಬರುವಷ್ಟು ನೋಡಬೇಕು. ಒಂದು ಕಷ್ಟವಾದರೆ ಬೇರೆ ದಾರಿ ಇರುತ್ತದೆ. ಎರಡು ಕಷ್ಟವಾದರೆ ರೋಗಿ ಎಚ್ಚರವಿರುವಾಗಲೇ ಟ್ಯೂಬ್ ಹಾಕುವ ಯೋಚನೆ ಮಾಡಬೇಕು.

ಮೊದಲು ಮಾತು

‘ಮೊದ್ಲ ಆಪರೇಷನ್ ಆಗೇತೇನ್ರಿ?’ ಎಂದರೆ ಸಾಲದು. ‘ಪೂರ್ತಿ ಭೂಲ್ (ಅರಿವಳಿಕೆ) ಕೊಟ್ಟಿದ್ರೋ, ಬೆನ್ನಿಗೆ ಸೂಜಿ (ಸ್ಪೈನಲ್) ಹಾಕಿದ್ರೋ?’ ಎಂದೂ ಕೇಳಿ. ಎರಡು ಸಿಸೇರಿಯನ್ ಸ್ಪೈನಲ್‌ನಲ್ಲೇ ಆಗಿದ್ದರೆ ಆಕೆಯ ಗಂಟಲಿನ ಬಗ್ಗೆ ಆ ಹಳೆಯ ಚೀಟಿ ಏನನ್ನೂ ಹೇಳುವುದಿಲ್ಲ. ಪೂರ್ತಿ ಅರಿವಳಿಕೆಯೇ ಆಗಿದ್ದರೂ ಆಮೇಲೆ ತೂಕ ಏರಿದೆಯೇ, ಕುತ್ತಿಗೆಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿದ್ದಾರೆಯೇ, ಗುಟ್ಕಾ ಶುರುವಾಗಿದೆಯೇ ಎಂದು ವಿಚಾರಿಸಬೇಕು.

ಗೊರಕೆಯ ಪ್ರಶ್ನೆಯನ್ನು ರೋಗಿಗಿಂತ ಮನೆಯವರಿಗೆ ಕೇಳುವುದು ಒಳ್ಳೆಯದು: ‘ಯಕ್ಕಾ, ಗೊರಕಿ ಹೊಡಿಯೂ ಮುಂದ ನಡುವ ಉಸಿರು ನಿಂತಂಗ ಆಗ್ತೈತೇನು?’ ದನಿ ಬದಲಾಗಿದೆಯೇ, ನುಂಗಲು ತೊಂದರೆಯೇ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಯಾರಿಗೂ ಬಿಡಬೇಡಿ.

ಬಾಯಿ: ನಮ್ಮ ಭಾಗದ ದೊಡ್ಡ ತೊಡಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಪುಸ್ತಕದ ಉಳಿದೆಲ್ಲ ಪರೀಕ್ಷೆಗಿಂತ ಮೊದಲು ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಬೇಕು. ಗುಟ್ಕಾ, ಮಾವಾ, ಎಲೆ ಅಡಿಕೆಯಲ್ಲಿರುವ ಅಡಿಕೆಯಿಂದ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆದು ಬಾಯಿ ಬಿಗಿಯುತ್ತದೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬುದು ಇದೇ. ಹಲ್ಲಿಗೆ ಮಿಶ್ರಿ ಮಾತ್ರ ಉಜ್ಜುವವರಲ್ಲಿ ಅಡಿಕೆ ಇರುವುದಿಲ್ಲ, ಆದ್ದರಿಂದ ಈ ಬಿಗಿತವೂ ಅಪರೂಪ. ತಂಬಾಕಿನ ಹುಣ್ಣು, ಬಿಳಿ ಕಲೆ ಇವೆಯೇ ಎಂದು ಮಾತ್ರ ಅವರ ಬಾಯಲ್ಲೂ ನೋಡಬೇಕು.

‘ಗುಟ್ಕಾ ತಿಂತೀರೇನ್ರಿ?’ ಎಂದರೆ ‘ಬಿಟ್ಟೇನ್ರೀ’ ಎಂಬ ಉತ್ತರ ಬರುತ್ತದೆ. ಬಿಟ್ಟರೂ ಆಗಲೇ ಆದ ಬಿಗಿತ ಸಡಿಲವಾಗುವುದಿಲ್ಲ. ‘ಖಾರ ತಿಂದ್ರ ಬಾಯಿ ಉರಿತೈತೇನ್ರಿ? ರೊಟ್ಟಿ ತುತ್ತು ಸಣ್ಣದು ಮಾಡ್ಕೊಂಡು ತಿನ್ನಬೇಕಾಗೇತೇನ್ರಿ?’ ಎಂಬ ಪ್ರಶ್ನೆಗೆ ಉತ್ತರ ನಿಜ ಬರುತ್ತದೆ.

ಅಳೆಯುವ ಕ್ರಮ ಹೀಗೆ. ಬಾಯಿ ಪೂರ್ತಿ ತೆರೆಸಿ ಮೇಲಿನ ಮತ್ತು ಕೆಳಗಿನ ನಡುಹಲ್ಲುಗಳ ಅಂಚುಗಳ ನಡುವೆ ಸ್ಕೇಲ್ ಇಡಿ. ಬೆರಳಿನಲ್ಲಿ ನೋಡುವುದಾದರೆ ರೋಗಿಯದೇ ಮೂರು ಬೆರಳು ಹಿಡಿಸಬೇಕು. 3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟ್ಯೂಬ್ ಹಾಕುವಾಗ ಗಂಟಲು ನೋಡುವ ಲ್ಯಾರಿಂಗೋಸ್ಕೋಪಿನ ಬ್ಲೇಡ್ ತಿರುಗಿಸಲು ಜಾಗ ಸಾಲದು. 2 ಸೆಂ.ಮೀ. ಹತ್ತಿರ ಬಂದರೆ ಎಲ್‌ಎಂಎ ಕೂಡ ಹೋಗುವ ಭರವಸೆಯಿಲ್ಲ. ಅಂದರೆ ಟ್ಯೂಬಿನ ಜೊತೆಗೆ ಅದರ ಬದಲಿ ದಾರಿಯೂ ಮುಚ್ಚಿತು. ಗ್ಲೌಸ್ ಹಾಕಿದ ಬೆರಳನ್ನು ಕೆನ್ನೆಯ ಒಳಗೆ ಆಡಿಸಿದರೆ ಮೇಲಿಂದ ಕೆಳಕ್ಕೆ ಎಳೆದ ಹಗ್ಗದಂಥ ಪಟ್ಟಿಗಳು ಸಿಗುತ್ತವೆ, ಒಳಚರ್ಮ ಬೆಳ್ಳಗೆ ಬಿಳಿಚಿರುತ್ತದೆ.

ಹೊಸಬರು ಎಡವುವುದು ಇಲ್ಲೇ. ‘ರಿಲ್ಯಾಕ್ಸಂಟ್ (ಸ್ನಾಯು ಸಡಿಲಿಸುವ ಔಷಧಿ) ಕೊಟ್ಟ ಮೇಲೆ ಬಾಯಿ ಬಿಡುತ್ತದೆ’ ಎಂದು ನಂಬುತ್ತಾರೆ. ಹಲ್ಲಿನ ಬೇರಿನ ಕೀವಿನಿಂದ, ನೋವಿಗೆ ಸ್ನಾಯು ಬಿಗಿದು ಬಾಯಿ ಮುಚ್ಚಿದ್ದರೆ ಎಷ್ಟೋ ಸಲ ಬಿಡುತ್ತದೆ, ಅದಕ್ಕೂ ಖಾತ್ರಿಯಿಲ್ಲ. ನಾರು ಸ್ನಾಯುವಲ್ಲ. ಸಕ್ಸಿನಿಲ್‌ಕೋಲಿನ್ ಎಂಬ ರಿಲ್ಯಾಕ್ಸಂಟ್ ಕೊಟ್ಟರೂ 18 ಮಿ.ಮೀ. ಇದ್ದದ್ದು 18 ಮಿ.ಮೀ. ಆಗಿಯೇ ಉಳಿಯುತ್ತದೆ, ರೋಗಿಯ ಸ್ವಂತ ಉಸಿರು ಮಾತ್ರ ನಿಂತಿರುತ್ತದೆ.

ಇಂಥವರಿಗೆ ಮೂಗೇ ದಾರಿ. ಒಂದೊಂದೇ ಹೊಳ್ಳೆ ಮುಚ್ಚಿ ಉಸಿರು ಬಿಡಿಸಿ, ತಣ್ಣನೆಯ ಸ್ಟೀಲ್ ಸ್ಪ್ಯಾಚುಲಾ ಮೇಲೆ ಯಾವ ಕಡೆ ಹೆಚ್ಚು ಮಂಜು ಕೂರುತ್ತದೆ ಎಂದು ನೋಡಿ ಬರೆದಿಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದೂ ಕೇಳಿ.

ಮಲ್ಲಂಪತಿ, ತಪ್ಪಿಲ್ಲದೆ

1985ರಲ್ಲಿ ಮಲ್ಲಂಪತಿಯವರು ಕೊಟ್ಟ ವರ್ಗಗಳು ಮೂರು. ನಾಲ್ಕನೆಯದನ್ನು 1987ರಲ್ಲಿ ಸ್ಯಾಮ್ಸೂನ್ ಮತ್ತು ಯಂಗ್ ಸೇರಿಸಿದರು. ರೋಗಿ ನೆಟ್ಟಗೆ ಕುಳಿತಿರಬೇಕು, ನಿಮ್ಮ ಕಣ್ಣು ಅವರ ಬಾಯಿಯ ಮಟ್ಟಕ್ಕಿರಬೇಕು. ‘ಬಾಯಿ ಪೂರ್ತಿ ತಗೀರಿ, ನಾಲಿಗಿ ಹೊರಗ ಚಾಚ್ರಿ, ಆ ಅನಬ್ಯಾಡ್ರಿ.’ ಗಂಟಲು ತೋರಿಸು ಎಂದರೆ ‘ಆ’ ಎನ್ನುವುದು ಎಲ್ಲರಿಗೂ ಅಭ್ಯಾಸ, ಹಾಗಂದಾಗ ಮೃದು ಅಂಗುಳ ಮೇಲೇರಿ ವರ್ಗ ಒಂದು ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಖಾನಾಪುರ, ನಿಪ್ಪಾಣಿ ಕಡೆಯ ಮರಾಠಿಗರಿಗೆ ‘ತೋಂಡ್ ಉಘಡಾ, ಜೀಭ್ ಬಾಹೇರ್ ಕಾಢಾ’ ಎನ್ನಲು ಕಲಿತರೆ ಕೆಲಸ ಬೇಗ ಆಗುತ್ತದೆ.

ಕಿರುನಾಲಿಗೆ, ಅದರ ಎರಡು ಬದಿಯ ಕಂಬಗಳು ಎಲ್ಲ ಕಂಡರೆ 1. ಕಂಬ ಮರೆಯಾಗಿ ಕಿರುನಾಲಿಗೆ ಕಂಡರೆ 2. ಅದರ ಬುಡ ಮಾತ್ರ ಕಂಡರೆ 3. ಗಟ್ಟಿ ಅಂಗುಳ ಬಿಟ್ಟು ಏನೂ ಕಾಣದಿದ್ದರೆ 4. ಬಸುರಿಯರಲ್ಲಿ ಹೆರಿಗೆ ನೋವಿನ ಹೊತ್ತಿಗೆ ಊತದಿಂದ ವರ್ಗ ಕೆಡಬಹುದು. ತಿಂಗಳ ಹಿಂದೆ ಓಪಿಡಿಯಲ್ಲಿ ಬರೆದದ್ದನ್ನು ನಂಬದೆ ಥಿಯೇಟರಿಗೆ ಒಯ್ಯುವ ಮುನ್ನ ಮತ್ತೆ ನೋಡಿ.

ದವಡೆ, ಕುತ್ತಿಗೆ

ಕೆಳಹಲ್ಲಿನಿಂದ ಮೇಲ್ತುಟಿ ಕಚ್ಚಿಸಿ. ತುಟಿಯ ಕೆಂಪು ಅಂಚನ್ನು ದಾಟಿ ಕಚ್ಚಿದರೆ ದವಡೆ ಚೆನ್ನಾಗಿ ಮುಂದೆ ಬರುತ್ತದೆ. ತುಟಿಯೇ ಸಿಗದಿದ್ದರೆ ಟ್ಯೂಬ್ ಕಷ್ಟ. ಮಾಡಲು ಹತ್ತು ಸೆಕೆಂಡು ಸಾಕು, ನೋಡುವವರು ಬದಲಾದರೂ ಫಲ ಅಷ್ಟಾಗಿ ಬದಲಾಗುವುದಿಲ್ಲ. ಒಂದನ್ನೇ ಮಾಡಲು ಸಮಯವಿದ್ದರೆ ಮಲ್ಲಂಪತಿಗಿಂತ ಇದೇ ಮೇಲು.

ಥೈರೋಮೆಂಟಲ್ ದೂರಕ್ಕೆ ಬಾಯಿ ಮುಚ್ಚಿಸಿ, ತಲೆ ಪೂರ್ತಿ ಹಿಂದಕ್ಕೆ ಬಾಗಿಸಿ, ಥೈರಾಯ್ಡ್ ಮೃದ್ವಸ್ಥಿಯ ಕಚ್ಚಿನಿಂದ ಗದ್ದದ ಎಲುಬಿನ ತುದಿಯವರೆಗೆ ಅಳೆಯಿರಿ. 6.5 ಸೆಂ.ಮೀ. ಇದ್ದರೆ ನಿಶ್ಚಿಂತೆ, 6ಕ್ಕಿಂತ ಕಡಿಮೆಯಾದರೆ ಅನುಮಾನ. ಜೋತ ಚರ್ಮದ ಮೇಲೆ ಟೇಪ್ ಹಾಯಿಸಿ ಅಳತೆ ಹಿಗ್ಗಿಸಬೇಡಿ.

ತಲೆ ಮೇಲೆತ್ತಿ ಚಾವಣಿ ನೋಡಲು ಹೇಳಿದಾಗ ಬಹಳ ಜನ ಬೆನ್ನು ಬಾಗಿಸಿ ಮೋಸ ಮಾಡುತ್ತಾರೆ. ಭುಜ ಹಿಡಿದುಕೊಂಡು ನೋಡಿ. ಮೇಲಿನ ಹಲ್ಲಿನ ಸಾಲು ಸುಮಾರು 35 ಡಿಗ್ರಿ ತಿರುಗಬೇಕು. ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿಂದ ಬಂದ ಹಿರಿಯರಲ್ಲಿ ಹಲ್ಲಿನ ಕಂದು ಕಲೆ ಕಂಡರೆ ಕುತ್ತಿಗೆಯನ್ನು ಇನ್ನಷ್ಟು ಗಮನವಿಟ್ಟು ನೋಡಿ. ಎಲುಬಿಗೂ ಫ್ಲೋರೈಡ್ ಹತ್ತಿದ್ದರೆ ಬೆನ್ನೆಲುಬಿನ ಕಂಬವೇ ಸೆಟೆದಿರುತ್ತದೆ. ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಈ ಪರೀಕ್ಷೆಯೇ ಬೇಡ. ಸುಟ್ಟ ಗಾಯ ಮಾಗಿ ಗದ್ದ ಎದೆಗಂಟಿದವರಲ್ಲಿ ನಾಲ್ಕೂ ದಾರಿ ಕಷ್ಟ.

ಮಾಸ್ಕ್ ಕಷ್ಟವಾಗುವ ಗುರುತುಗಳು ಬೇರೆ: ಗಡ್ಡ, ಬೊಜ್ಜು, ಬೊಚ್ಚುಬಾಯಿ, 55 ದಾಟಿದ ವಯಸ್ಸು, ಗೊರಕೆ. ಬೊಚ್ಚುಬಾಯಿಯ ಅಜ್ಜನಿಗೆ ಟ್ಯೂಬ್ ಸಲೀಸು, ಮಾಸ್ಕಿನ ಬದಿಯಿಂದ ಮಾತ್ರ ಗಾಳಿ ಸೋರುತ್ತದೆ. ಹರಕೆಯ ಗಡ್ಡವಾದರೆ ಬೋಳಿಸಲು ಹಟ ಹಿಡಿಯಬೇಡಿ, ಬಾಯಿಗೆ ತೂತು ಬಿಟ್ಟು ಪಾರದರ್ಶಕ ಅಂಟುಪಟ್ಟಿ ಹಚ್ಚಿದರೆ ಮಾಸ್ಕ್ ಕೂರುತ್ತದೆ.

ಕೊನೆಗೆ, ಕುತ್ತಿಗೆಯ ಮುಂಭಾಗದಿಂದ ದಾರಿ ಮಾಡುವ ಜಾಗವಾದ ಕ್ರಿಕೋಥೈರಾಯ್ಡ್ ಪೊರೆ ಹುಡುಕಿ. ಥೈರಾಯ್ಡ್ ಕಚ್ಚಿನಿಂದ ಬೆರಳು ಕೆಳಗೆ ಜಾರಿಸಿದರೆ ಸಿಗುವ ಮೊದಲ ತಗ್ಗು ಅದು. ದಪ್ಪ ಕುತ್ತಿಗೆಯ ಹೆಂಗಸರಲ್ಲಿ ಬೆರಳು ತಪ್ಪುವುದು ಹೆಚ್ಚು, ಅಲ್ಟ್ರಾಸೌಂಡ್ ಇದ್ದರೆ ಬಳಸಿ. ತಲೆ ಹಿಂದಕ್ಕೆ ಬಾಗಿಸಿದ ಭಂಗಿಯಲ್ಲೇ ಪೆನ್ನಿನಿಂದ ಗುರುತು ಹಾಕಬೇಕು, ಇಲ್ಲದಿದ್ದರೆ ಗುರುತು ಸರಿದಿರುತ್ತದೆ. ಗಳಗಂಡ ಎದೆಯೊಳಗೆ ಇಳಿದಿದ್ದರೆ ಸಿಟಿ ಚಿತ್ರದಲ್ಲಿ ಶ್ವಾಸನಾಳ ಎಲ್ಲಿ, ಎಷ್ಟು ಕಿರಿದಾಗಿದೆ ನೋಡದೆ ಮುಂದೆ ಹೋಗಬಾರದು.

ಫಲವನ್ನು ಎಷ್ಟು ನಂಬಬೇಕು

2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ 1,88,064 ರೋಗಿಗಳ ಲೆಕ್ಕದಲ್ಲಿ, ಟ್ಯೂಬ್ ಹಾಕಲು ಕಷ್ಟವಾದವರ ಪೈಕಿ ಶೇ. 93ರಷ್ಟು ಮಂದಿಯನ್ನು ಮೊದಲೇ ಯಾರೂ ಗುರುತಿಸಿರಲಿಲ್ಲ. ಕಷ್ಟ ಎಂದು ಬರೆದವರಲ್ಲಿ ನಿಜಕ್ಕೂ ಕಷ್ಟವಾದವರು ಕಾಲುಭಾಗ. ಹಾಗಾಗಿ ಎಲ್ಲ ಸರಿ ಇದೆ ಎಂದು ಬರೆದ ರೋಗಿಗೂ ಬೂಜಿ (ಟ್ಯೂಬಿಗೆ ದಾರಿ ತೋರುವ ತೆಳು ಕಡ್ಡಿ), ಸರಿಯಾದ ಅಳತೆಯ ಎಲ್‌ಎಂಎ, ಓಡುವ ಸಕ್ಷನ್ ಕೈಗೆಟಕುವಂತಿರಬೇಕು.

ಟಿಪ್ಪಣಿ ಹೀಗಿರಲಿ: ‘ಬಾಯಿ 22 ಮಿ.ಮೀ., ಎರಡೂ ಕೆನ್ನೆಯಲ್ಲಿ ಪಟ್ಟಿ. ಮಾಸ್ಕ್ ಸುಲಭ. ಎಲ್‌ಎಂಎ ಅನುಮಾನ. ಬಾಯಿಯಿಂದ ಟ್ಯೂಬ್ ಆಗದು. ಬಲ ಹೊಳ್ಳೆ ಚೆನ್ನಾಗಿದೆ. ಪೊರೆ ಸಿಗುತ್ತದೆ, ಗುರುತಿಸಿದೆ. ಯೋಜನೆ: ಎಚ್ಚರದಲ್ಲೇ ಮೂಗಿನಿಂದ ಫೈಬರ್‌ಸ್ಕೋಪ್.’

ಇಂಡಿ, ಅಥಣಿ, ಜಮಖಂಡಿಯಂಥ ಊರಿನ ಆಸ್ಪತ್ರೆಯಲ್ಲಿ ಫೈಬರ್‌ಸ್ಕೋಪ್ (ಒಳಗೆ ನೋಡುತ್ತ ಟ್ಯೂಬ್ ಸಾಗಿಸಲು ಬಳಸುವ ಬಾಗುವ ಸ್ಕೋಪ್) ಇಲ್ಲದಿದ್ದರೆ, ತುರ್ತಲ್ಲದ ಇಂಥ ಕೇಸನ್ನು ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿಗೆ ಕಳಿಸುವುದೇ ಸರಿ. ‘ಸ್ಪೈನಲ್ ಕೊಟ್ಟರಾಯ್ತು’ ಎಂಬ ಮಾತಿಗೆ ಒಪ್ಪುವ ಮೊದಲು, ಸ್ಪೈನಲ್ ಹತ್ತದೆ ಹೋದರೆ ಅಥವಾ ಮೇಲೇರಿ ಉಸಿರು ನಿಂತರೆ ಯಾವ ದಾರಿ ಎಂದು ಅದೇ ಹಾಳೆಯಲ್ಲಿ ಬರೆಯಿರಿ. ಕಷ್ಟವಾದ ರೋಗಿಗೆ ಏನು ಕಷ್ಟವಾಯಿತು, ಯಾವ ಉಪಕರಣದಿಂದ ಆಯಿತು ಎಂದು ಕನ್ನಡದಲ್ಲೇ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದು, ಮುಂದೆ ಯಾವ ದವಾಖಾನೆಗೆ ಹೋದರೂ ತೋರಿಸುವಂತೆ ಮನೆಯವರಿಗೆ ಹೇಳಿ.