ಹಾಸನದಲ್ಲಿ ಕೂತು ಲಂಡನ್ ಕೆಲಸ

ಬೆಂಗಳೂರು ಬಿಟ್ಟು, ಲಂಡನ್ ಟೀಮಿನ ಕೆಲಸವನ್ನು ಸಣ್ಣ ಊರಿನಲ್ಲಿ ಕೂತು ಮಾಡೋಣ ಅಂತ ಹೊರಟಾಗ ಮೊದಲು ನಾನು ಹೋಗಿದ್ದು ಹಾಸನಕ್ಕಲ್ಲ, ಚಿಕ್ಕಮಗಳೂರಿಗೆ. ಊರಿನಿಂದ ಸ್ವಲ್ಪ ಆಚೆ ಒಂದು ಎಸ್ಟೇಟ್ ಮನೆ. ಮುಂದೆ ಕಾಫಿ ತೋಟ, ಹಿಂದೆ ಹಳ್ಳ, ಜಗಲಿಯಲ್ಲಿ ಹಳೇ ಕಾಲದ ಮರದ ಮೇಜು. ಆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪಕ್ಕದಲ್ಲಿ ಕಾಫಿ ಲೋಟ ಇಟ್ಟು, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಅದು 2024ರ ಜುಲೈ ಮೊದಲ ವಾರ. ಮೂರನೇ ವಾರಕ್ಕೆ ಅದೇ ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು.

ಮಲೆನಾಡಿನ ಮಳೆ ಗೊತ್ತಲ್ಲ. ಒಂದು ಮರ ಲೈನ್ ಮೇಲೆ ಬಿದ್ದರೆ ಸಾಕು. ಲೈನ್‌ಮನ್ ಪಾಪ ಎಷ್ಟು ಕಡೆ ಅಂತ ಓಡಾಡುತ್ತಾನೆ? ಮೂರು ದಿನ ಕರೆಂಟ್ ಇಲ್ಲ. ಕರೆಂಟ್ ಇಲ್ಲದಿದ್ದರೆ ಹತ್ತಿರದ ಟವರ್ ಕೂಡ ಸ್ವಲ್ಪ ಹೊತ್ತಿಗೆ ಸತ್ತುಹೋಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಅನ್ನೋ ಧೈರ್ಯವೂ ಹೋಯಿತು. ಶೂ ಒಳಗೆ ಬೂಷ್ಟು, ಕಾಲಿಗೆ ಇಂಬಳ. ಮ್ಯಾನೇಜರ್‌ಗೆ ಮೆಸೇಜ್ ಕಳಿಸಲು ಪೇಟೆವರೆಗೆ ಜೀಪಿನಲ್ಲಿ ಹೋಗಿದ್ದೆ. ತಪ್ಪು ಚಿಕ್ಕಮಗಳೂರಿನದ್ದಲ್ಲ. ಪೇಟೆಯೊಳಗೇ ಮನೆ ಹಿಡಿದಿದ್ದರೆ ಇಷ್ಟು ಆಗುತ್ತಿರಲಿಲ್ಲ. ನಾನು ರಜೆಗೆ ಹೋಗುವ ಜಾಗದಲ್ಲಿ ಕೆಲಸಕ್ಕೆ ಕೂತಿದ್ದೆ, ಅದಕ್ಕೆ ರಜೆಯ ರೇಟನ್ನೇ ಕೊಟ್ಟಿದ್ದೆ ಕೂಡ. ಹೋಂಸ್ಟೇ ಮನೆಗಳಿಗೆ ಬಾಡಿಗೆ ತಿಂಗಳ ಲೆಕ್ಕದಲ್ಲಿ ಹುಟ್ಟುವುದಿಲ್ಲ, ಶನಿವಾರ ಭಾನುವಾರದ ಲೆಕ್ಕದಲ್ಲಿ ಹುಟ್ಟುತ್ತದೆ.

ಆಗಸ್ಟ್‌ನಲ್ಲಿ ಬೇಲೂರು ದಾರಿಯಲ್ಲಿ ಹಾಸನಕ್ಕೆ ಬಂದೆ. ಸುಮಾರು 60 ಕಿಲೋಮೀಟರ್, ಅಷ್ಟೇ. ಆದರೆ ಮಳೆಯ ಲೆಕ್ಕದಲ್ಲಿ ಬೇರೆ ದೇಶಕ್ಕೇ ಬಂದ ಹಾಗಾಯಿತು. ಹಾಸನವೂ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲೇ ಇದೆ, ತಂಪು ಇದೆ, ಜಡಿಮಳೆ ಮಾತ್ರ ಅಷ್ಟಿಲ್ಲ. ಪ್ರವಾಸಿಗಳು ಹಾಸನದಲ್ಲಿ ಬಸ್ ಬದಲಾಯಿಸಿ ಬೇಲೂರಿಗೋ ಸಕಲೇಶಪುರಕ್ಕೋ ಹೋಗುತ್ತಾರೆ, ಉಳಿಯುವುದು ಕಡಿಮೆ. ನನಗೆ ಬೇಕಾಗಿದ್ದೂ ಅಂಥದ್ದೇ ಊರು.

ಮನೆ ಹುಡುಕಿದ್ದು ಆ್ಯಪ್‌ನಲ್ಲಿ ಅಲ್ಲ. ಸಾಲಗಾಮೆ ರಸ್ತೆ, ವಿದ್ಯಾನಗರ, ಕುವೆಂಪು ನಗರ ಎಲ್ಲಾ ಕಡೆ ಬೆಳಿಗ್ಗೆ ನಡೆದುಕೊಂಡೇ ಹೋದೆ. ಗೇಟಿಗೆ ಕಟ್ಟಿದ 'ಮನೆ ಬಾಡಿಗೆಗೆ ಇದೆ' ಬೋರ್ಡ್, ಜೆರಾಕ್ಸ್ ಅಂಗಡಿ, ಮೆಡಿಕಲ್ ಶಾಪ್, ಇವೇ ಬ್ರೋಕರ್‌ಗಳು. ಒಂಟಿ ಹೆಂಗಸು ಅಂದ ಕೂಡಲೇ ಎರಡು ಗೇಟು ಮುಚ್ಚಿದವು. ಮೂರನೇ ಮನೆಯಲ್ಲಿ ಕಾಫಿ ಕೊಟ್ಟು, ನಗುನಗುತ್ತಾ, "ನೀವು ಯಾವ ಪೈಕಿ?" ಅಂದರು. ಕಾಫಿ ಚೆನ್ನಾಗಿತ್ತು. ಲೋಟ ಕೆಳಗಿಟ್ಟು ಎದ್ದು ಬಂದೆ. ಸಣ್ಣ ಊರಿನ ಸೊಗಸು ಬರೆಯುವವರು ಈ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಹೇಳಿದೆ.

ಕೊನೆಗೆ ಸಾಲಗಾಮೆ ರಸ್ತೆ ಕಡೆ ಮೊದಲ ಮಹಡಿಯ ಮನೆ ಸಿಕ್ಕಿತು. ಎರಡು ರೂಮು, ಬಾಡಿಗೆ 10,500, ಅಡ್ವಾನ್ಸ್ 60,000. ಹನ್ನೊಂದು ತಿಂಗಳ ಕರಾರು ಪತ್ರ. ಬೆಂಗಳೂರಿನಲ್ಲಿ ಬಾಡಿಗೆ, ಮೇಂಟೆನೆನ್ಸ್ ಸೇರಿ 29,000 ಕೊಡುತ್ತಿದ್ದೆ.

ಒಪ್ಪಿಕೊಳ್ಳುವ ಮೊದಲು ಎರಡು ವಿಷಯ ನೋಡಿದೆ. ಎಸ್ಟೇಟ್ ಕಲಿಸಿದ ಪಾಠ. ಒಂದು, ಇಂಟರ್‌ನೆಟ್ ಮನೆಗೆ ಹೇಗೆ ಬರುತ್ತದೆ ಅನ್ನೋದು. ಎಲ್ಲರೂ 'ಫೈಬರ್' ಅಂತಲೇ ಹೇಳುತ್ತಾರೆ. ಆದರೆ ಕೆಲವು ಕಡೆ ಫೈಬರ್ ಬರುವುದು ಬೀದಿ ಕೊನೆಯ ಕಂಬದವರೆಗೆ ಮಾತ್ರ. ಅಲ್ಲೊಂದು ಡಬ್ಬ, ಅದರಲ್ಲಿ ನೆಟ್ ಹಂಚುವ ಸ್ವಿಚ್, ಅಲ್ಲಿಂದ ಮಾಮೂಲಿ ಕೇಬಲ್. ಆ ಡಬ್ಬಕ್ಕೆ ಕರೆಂಟ್ ಬೇಕು. ಬೀದಿಯಲ್ಲಿ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಎಷ್ಟು ದೊಡ್ಡ ಇನ್ವರ್ಟರ್ ಇದ್ದರೂ ನೆಟ್ ಹೋಯಿತು. ಗಾಜಿನ ಎಳೆ ನೇರ ಮನೆಯೊಳಗೇ ಬಂದರೆ ನಡುವೆ ಬೆಳಕನ್ನು ಹಂಚುವ ಸ್ಪ್ಲಿಟರ್ ಇರುತ್ತದೆ, ಅದಕ್ಕೆ ಕರೆಂಟ್ ಬೇಡ. ಆಪರೇಟರ್ ಕಡೆಯ ಆಫೀಸು ಮತ್ತು ನಿಮ್ಮ ಮನೆ, ಈ ಎರಡು ಕಡೆ ಇದ್ದರೆ ಸಾಕು. ಕೇಬಲ್ ಹುಡುಗನನ್ನು ಪ್ಲಾನ್ ರೇಟ್ ಆಮೇಲೆ ಕೇಳಿ, "ಕರೆಂಟ್ ಹೋದಾಗ ಈ ಬೀದಿಯಲ್ಲಿ ನೆಟ್ ಇರುತ್ತಾ?" ಅಂತ ಮೊದಲು ಕೇಳಿ. ನಾನು ಅವನನ್ನು ನಂಬದೆ ಪಕ್ಕದ ಮನೆಯ ಹುಡುಗನನ್ನು ಕೇಳಿದೆ. ಕ್ರಿಕೆಟ್ ನೋಡುವ ಹುಡುಗರಿಗೆ ಇದರ ಲೆಕ್ಕ ಪಕ್ಕಾ ಇರುತ್ತದೆ.

ಇನ್ನೊಂದು ಮೀಟರ್. ಗೃಹಜ್ಯೋತಿ 2023ರಲ್ಲಿ ಶುರುವಾದ ಮೇಲೆ ಓನರ್‌ಗಳಿಗೆಲ್ಲ ಯೂನಿಟ್ ಮೇಲೇ ಕಣ್ಣು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ. ಕೆಳಗೂ ಮೇಲೂ ಒಂದೇ ಮೀಟರ್ ಇದ್ದರೆ ಜಗಳ ಗ್ಯಾರಂಟಿ. ನನ್ನ ಮನೆಗೆ ಬೇರೆ ಮೀಟರ್, ಬೇರೆ ಆರ್‌.ಆರ್. ನಂಬರ್ ಇತ್ತು, ಬಾಡಿಗೆದಾರರೂ ತಮ್ಮ ಹೆಸರಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೂ ಇನ್ವರ್ಟರ್ ತಂದ ದಿನ ಓನರ್ ಮುಖ ಸಣ್ಣಗಾಯಿತು.

ಇನ್ವರ್ಟರ್ ಲೆಕ್ಕ ಸುಲಭ. 12 ವೋಲ್ಟ್, 150 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಅಂದರೆ, ಎರಡನ್ನೂ ಗುಣಿಸಿ, ಕಾಗದದ ಮೇಲೆ 1800 ವ್ಯಾಟ್-ಅವರ್. ಸೋರಿಕೆ, ಬ್ಯಾಟರಿಯ ವಯಸ್ಸು ಎಲ್ಲಾ ಕಳೆದು ಮೂರರಲ್ಲಿ ಎರಡು ಪಾಲು ಹಿಡಿಯಿರಿ. ಲ್ಯಾಪ್‌ಟಾಪ್, ರೌಟರ್, ಒಂದು ಲೈಟು, ಒಂದು ಫ್ಯಾನು ಸೇರಿ 160 ವ್ಯಾಟ್ ಆದರೆ ಸುಮಾರು ಏಳೂವರೆ ಗಂಟೆ ಬರುತ್ತದೆ. ಫ್ಯಾನ್ ಬಿಟ್ಟರೆ ಇನ್ನೂ ಜಾಸ್ತಿ. ಹಾಸನದಲ್ಲಿ ವರ್ಷದ ಬಹುಪಾಲು ದಿನ ನನಗೆ ಫ್ಯಾನ್ ಬೇಕಾಗಲಿಲ್ಲ. ಆಮೇಲೆ ಪೇಪರಿನ ಜಿಲ್ಲಾ ಪುಟದಲ್ಲಿ 'ವಿದ್ಯುತ್ ವ್ಯತ್ಯಯ' ಅಂತ ಸಣ್ಣ ಸುದ್ದಿ ಬರುತ್ತದಲ್ಲ, ಅದನ್ನು ನಾನೀಗ ರಾಶಿಭವಿಷ್ಯಕ್ಕಿಂತ ಮೊದಲು ಓದುತ್ತೇನೆ. ನಮ್ಮ ಬಡಾವಣೆ ಹೆಸರಿದ್ದರೆ ಆವತ್ತಿನ ಭಾರೀ ಕೆಲಸ ಹಿಂದಿನ ದಿನವೇ ಮುಗಿಸುತ್ತೇನೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಟೀಮ್ ಇರುವುದು ಲಂಡನ್ನಿನಲ್ಲಿ. ಅಲ್ಲಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು ಅಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಹತ್ತೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಹನ್ನೊಂದೂವರೆ. ಬೆಂಗಳೂರಿನಲ್ಲಿ ಅದೊಂದು ಹೊತ್ತೇ ಅಲ್ಲ. ಹಾಸನದ ಬಡಾವಣೆಯಲ್ಲಿ ಹತ್ತು ಗಂಟೆಗೆ ನಾಯಿ ಕೂಡ ಮಲಗಿರುತ್ತದೆ. ಎರಡನೇ ವಾರ ಓನರ್ ಆಂಟಿ ಮೆಟ್ಟಿಲ ಹತ್ತಿರ ಹಿಡಿದುಕೊಂಡರು.

"ಅದ್ಯಾರ ಜೊತೆ ಕಣವ್ವ ರಾತ್ರಿ ಹೊತ್ನಲ್ಲಿ ಇಂಗ್ಲಿಷಲ್ಲಿ ಜಗಳ ಆಡ್ತೀಯ?"

"ಜಗಳ ಅಲ್ಲ ಆಂಟಿ, ಆಫೀಸ್ ಮೀಟಿಂಗು."

"ಆಫೀಸು ಎಲ್ಲೈತೆ?"

ಲಂಡನ್ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ನನ್ನನ್ನು ಉಳಿಸಿದ್ದು ಅಂಕಲ್. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರಿನವರ ಬಾಯಲ್ಲಿ ಎಂ.ಸಿ.ಎಫ್., ಇರುವುದು ಇದೇ ಸಾಲಗಾಮೆ ರಸ್ತೆಯಲ್ಲಿ. 1980ರ ದಶಕದಿಂದ ಅಲ್ಲಿ ಕೂತು ಆಕಾಶದ ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಾರೆ. "ಎಂ.ಸಿ.ಎಫ್.ನೋರು ಶಿಫ್ಟ್ ಮಾಡಲ್ವೇನೆ? ಹಂಗೇ ಇದೂ" ಅಂದರು ಅಂಕಲ್. ಉಪಗ್ರಹಕ್ಕೂ ನನ್ನ ಬಗ್ ಲಿಸ್ಟಿಗೂ ಏನು ಸಂಬಂಧ ಅಂತ ನಾನು ಬಾಯಿ ಬಿಡಲಿಲ್ಲ. ಅವತ್ತಿನಿಂದ ನಾನು 'ಮೇಲ್ಮನೆ ಶಿಫ್ಟು ಹುಡುಗಿ'.

ಈ ಶಿಫ್ಟಿನಿಂದ ಬೆಳಿಗ್ಗೆಗಳು ಪೂರ್ತಿ ನನ್ನವಾದವು. ಆರೂವರೆಗೆ ಮಹಾರಾಜ ಪಾರ್ಕ್‌ನಲ್ಲಿ ನಡಿಗೆ, ಆಮೇಲೆ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಸೊಪ್ಪು. ಬಸ್ಸಾರು ಮಾಡುವುದನ್ನು ಆಂಟಿಯೇ ಕಲಿಸಿದರು. ರಾತ್ರಿ ಊಟ ಮಾತ್ರ ಕಷ್ಟ. ನಾನು ಕೆಲಸ ಮುಗಿಸುವ ಹೊತ್ತಿಗೆ ಹೋಟೆಲ್‌ಗಳು ಶಟರ್ ಎಳೆದಿರುತ್ತವೆ, ಹಾಗಾಗಿ ಎಂಟು ಗಂಟೆಯ ಬ್ರೇಕಿನಲ್ಲೇ ಮುದ್ದೆ ತಿರುವಿ ಮುಗಿಸುತ್ತೇನೆ. ಸಂಜೆ ಹೊತ್ತು ಕೆಲಸ ಇರುವವರಿಗೆ ಇಲ್ಲಿ ಸ್ನೇಹಿತರಾಗುವುದೂ ನಿಧಾನ. ಜನ ಸೇರುವುದೇ ಸಂಜೆ. ಮೊದಲ ನಾಲ್ಕು ತಿಂಗಳು ನನಗೆ ತುಂಬಾ ಬೇಜಾರಾಗಿತ್ತು, ಅದಕ್ಕೆ ಉಪಾಯ ಏನೂ ಸಿಗಲಿಲ್ಲ.

ದುಡ್ಡು? ಬಾಡಿಗೆಯಲ್ಲೇ ತಿಂಗಳಿಗೆ 18,500 ಉಳಿಯಿತು ಅಂತ ಕುಣಿದಿದ್ದೆ. ಇನ್ವರ್ಟರ್, ಎರಡನೇ ಕಂಪನಿಯ ಸಿಮ್, ಬೆಂಗಳೂರಿನ ಹಳೇ ಓನರ್ ಪೇಂಟಿಂಗ್ ಅಂತ ಹಿಡಿದುಕೊಂಡ ಒಂದು ತಿಂಗಳ ಬಾಡಿಗೆ, ಎಲ್ಲಾ ಸೇರಿ ಮೊದಲ ಮೂರ್ನಾಲ್ಕು ತಿಂಗಳ ಉಳಿತಾಯ ಅಲ್ಲಿಗಲ್ಲಿಗೆ ಆಯಿತು. ಆಫೀಸಿಗೆ ಆಗಾಗ ಮುಖ ತೋರಿಸಬೇಕು. ಕುಣಿಗಲ್, ಶ್ರವಣಬೆಳಗೊಳ ಮೇಲಿನ ರೈಲು ದಾರಿ 2017ರಲ್ಲಿ ಪೂರ್ತಿಯಾದ ಮೇಲೆ ಬೆಂಗಳೂರು ಸುಮಾರು ಮೂರು ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಈ ರೈಲು ಇರದಿದ್ದರೆ ನಾನು ಹಾಸನಕ್ಕೆ ಬರುತ್ತಿರಲಿಲ್ಲ.

ಒಂದು ವಾರ ಮಾತ್ರ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತದೆ, ದೀಪಾವಳಿ ಮುಗಿಯುವವರೆಗೆ ಮಾತ್ರ ದರ್ಶನ. 2024ರಲ್ಲಿ ಅದು ಅಕ್ಟೋಬರ್ 24. ಸರಿಯಾಗಿ ಮೂರು ದಿನಕ್ಕೆ ಲಂಡನ್ ಗಡಿಯಾರ ತಿರುಗಿತು. ಊರಿನ ಲಾಡ್ಜೆಲ್ಲಾ ತುಂಬಿ, ಆಂಟಿ ಕಡೆಯ ನೆಂಟರು ಹನ್ನೊಂದು ಜನ ಬಂದಿಳಿದರು. "ಮೇಲೆ ಹಾಲ್ ಖಾಲಿ ಐತಲ್ಲವ್ವ" ಅಂದರು ಆಂಟಿ. ಇಲ್ಲ ಅನ್ನಲಾಗುತ್ತಾ? ರಾತ್ರಿ ಹನ್ನೊಂದಕ್ಕೆ ಹಾಲಿನಲ್ಲಿ ಸಾಲಾಗಿ ಚಾಪೆ, ಗೊರಕೆ. ನಾನು ಲ್ಯಾಪ್‌ಟಾಪ್ ಹಿಡಿದು ತಾರಸಿಗೆ ಹೋದೆ, ಶಾಲು ಹೊದ್ದು ನೀರಿನ ಟ್ಯಾಂಕಿಗೆ ಒರಗಿ ಮೀಟಿಂಗ್ ಮಾಡಿದೆ. ಯಾಕೆ ಕತ್ತಲಲ್ಲಿ ಕೂತಿದ್ದೀಯ ಅಂತ ಲಂಡನ್ನಿನವರು ಕೇಳಿದರು. ಮನೆ ತುಂಬಾ ಜನ ಇದ್ದಾರೆ, ವರ್ಷಕ್ಕೊಮ್ಮೆ ಬರುವವರು ಅಂದೆ. ಅಷ್ಟರಲ್ಲಿ ನೆಂಟರ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಿ ಬಂದು, ಸ್ಕ್ರೀನಿನಲ್ಲಿದ್ದ ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿ, "ಇವ್ರೂ ದರ್ಶನಕ್ಕೆ ಬರ್ತಾರಾ?" ಅಂತ ಕೇಳಿದರು.